ಬಲವರಿತ ಹೊರೆ

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬುದು ನಮ್ಮ ಹಿರಿಯರ ಮಾತು. ಇದನ್ನು ಹಣಕಾಸಿನ ವಿಷಯಕ್ಕೆ ಮಾತ್ರ ಅನ್ವಯಿಸುವುದು ರೂಢಿ. ಆದರೆ ಯಂತ್ರಗಳ ಲೋಕದಲ್ಲಿಯೂ ಈ ಮಾತು ಅಷ್ಟೇ ಸತ್ಯ. ಎತ್ತುಗಳ ಬಲವನ್ನು ನೋಡಿ ಗಾಡಿಗೆ ಮೂಟೆ ಹೇರುವ ರೈತನ ವಿವೇಕ ಗಣಕಯಂತ್ರವನ್ನು ಇಟ್ಟುಕೊಂಡವನಿಗೂ ಬೇಕು. ಗಾಡಿಯ ಹೊರೆ ಕಣ್ಣಿಗೆ ಕಾಣುತ್ತದೆ; ವಿದ್ಯುತ್ತಿನ ಹೊರೆ ಕಾಣುವುದಿಲ್ಲ. ವ್ಯತ್ಯಾಸ ಇಷ್ಟೆ.

ನಮ್ಮ ಮನೆಗಳಿಗೆ ಬರುವುದು 230 ವೋಲ್ಟಿನ ಪರ್ಯಾಯ ವಿದ್ಯುತ್ ಪ್ರವಾಹ. ಗಣಕಯಂತ್ರದ ಸೂಕ್ಷ್ಮವಾದ ಅಂಗಗಳು ಇದನ್ನು ನೇರವಾಗಿ ತಾಳಿಕೊಳ್ಳಲಾರವು. ಆದುದರಿಂದ ಅದರ ಒಂದು ಮೂಲೆಯಲ್ಲಿ ತಗಡಿನ ಪುಟ್ಟ ಪೆಟ್ಟಿಗೆಯೊಂದನ್ನು ಕೂರಿಸಿರುತ್ತಾರೆ. ಅಂಗಡಿಯವರು ಇದನ್ನು ಎಸ್.ಎಂ.ಪಿ.ಎಸ್. ಎಂದು ಕರೆಯುತ್ತಾರೆ. ಬಂದ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟುಗಳ ನೇರ ಪ್ರವಾಹವಾಗಿ ಮಾರ್ಪಡಿಸಿ ಎಲ್ಲ ಅಂಗಗಳಿಗೂ ಹಂಚುವುದು ಇದರ ಕೆಲಸ. ಅಡುಗೆಮನೆಯ ತಾಯಿಯಂತೆ ಇದು ಎಲ್ಲರಿಗೂ ಬಡಿಸುತ್ತದೆ. ಆದರೆ ಇದರ ಪಾತ್ರೆಗೂ ಒಂದು ಅಳತೆಯಿದೆ.

ಹೀಗೆ ಉಣ್ಣುವವರಲ್ಲಿ ಬಹಳ ಹಸಿವುಳ್ಳದ್ದು ಗ್ರಾಫಿಕ್ಸ್ ಕಾರ್ಡ್. ಸಾಮಾನ್ಯ ತೆರೆಯೊಂದರ ಮೇಲೆ ಅಡ್ಡಕ್ಕೆ 1920, ಉದ್ದಕ್ಕೆ 1080, ಅಂದರೆ ಒಟ್ಟು ಇಪ್ಪತ್ತು ಲಕ್ಷಕ್ಕೂ ಹೆಚ್ಚು ಬಿಂದುಗಳಿರುತ್ತವೆ. ಒಂದೊಂದು ಬಿಂದುವಿನ ಬಣ್ಣವನ್ನೂ ಲೆಕ್ಕ ಹಾಕಿ ನಿರ್ಧರಿಸಬೇಕು. ಈ ಕಾರ್ಡಿನಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ಚಿಕ್ಕ ಗಣಕಗಳು ಒಟ್ಟಿಗೆ ದುಡಿದು ಆ ಲೆಕ್ಕವನ್ನು ಮುಗಿಸುತ್ತವೆ. ದುಡಿಯುವವರು ಹೆಚ್ಚಾದಂತೆ ಊಟವೂ ಹೆಚ್ಚಲೇಬೇಕಲ್ಲವೆ?

ನನ್ನ ಅಕ್ಕನ ಮಗಳಿಗೆ ಬಾಲ್ಯದಿಂದಲೂ ಚಿತ್ರ ಬರೆಯುವ ಹುಚ್ಚು. ಗಣಕಯಂತ್ರದಲ್ಲಿ ಬೊಂಬೆಗಳನ್ನು ರೂಪಿಸಿ ಚಲನೆ ಕೊಡುವ ವಿದ್ಯೆಯನ್ನು ಅವಳು ತಾನಾಗಿಯೇ ಕಲಿತಳು. ಅದಕ್ಕೆ ಬೇಕಾದ ‘ಬ್ಲೆಂಡರ್’ ಎಂಬ ತಂತ್ರಾಂಶ 2002ರಲ್ಲಿಯೇ ಮುಕ್ತ ತಂತ್ರಾಂಶವಾದುದರಿಂದ ಹಣ ತೆರಬೇಕಾಗಿರಲಿಲ್ಲ. ಆದರೆ ಅವಳಲ್ಲಿದ್ದುದು ಯಾವುದೋ ಕಚೇರಿಯವರು ಬಳಸಿ ಮಾರಿದ ಹಳೆಯ ಯಂತ್ರ. ಅದಕ್ಕೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರಲಿಲ್ಲ. ಒಂದು ಚಿತ್ರ ಮೂಡಿಬರಲು ಅರ್ಧ ಗಂಟೆ ಹಿಡಿಯುತ್ತಿತ್ತು. ಒಂದು ಸೆಕೆಂಡಿನ ಚಲನೆಗೆ 24 ಚಿತ್ರಗಳು ಬೇಕು. ಬೊಂಬೆಯೊಂದು ಕಣ್ಣು ಮಿಟುಕಿಸಿ ನಗುವುದಕ್ಕೆ ಅರ್ಧ ದಿನ! ಕಲಾಶಾಲೆಯ ಪ್ರವೇಶಕ್ಕಾಗಿ ಅವಳು ಒಂದು ನಿಮಿಷದ ಚಿತ್ರವನ್ನು ಸಿದ್ಧಪಡಿಸಬೇಕಾಗಿತ್ತು. ಅದಕ್ಕೆ 1,440 ಚಿತ್ರಗಳು. ಅಂದರೆ ಹಗಲಿರುಳೆನ್ನದೆ ಮೂವತ್ತು ದಿನಗಳ ದುಡಿಮೆ. ಉಳಿದಿದ್ದ ಕಾಲ ಮೂರು ವಾರ.

ಅಕ್ಕ ಹೊಲಿಗೆಯಿಂದ ಸಂಸಾರ ಸಾಗಿಸುವವಳು. ತಾನು ಕೂಡಿಟ್ಟಿದ್ದ ಹಣವನ್ನು ಮಗಳ ಕೈಗಿತ್ತು, “ಇದಕ್ಕಿಂತ ಹೆಚ್ಚಿಗೆ ನನ್ನಲ್ಲಿಲ್ಲ” ಎಂದಳು. 2023ರ ಬೇಸಿಗೆಯ ಒಂದು ದಿನ ನಾವಿಬ್ಬರೂ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆವು. ಗಣಕಯಂತ್ರದ ಬಿಡಿಭಾಗಗಳಿಗೆ ಹೆಸರಾದ ಬೀದಿ ಅದು.

ಅಂಗಡಿಯಾತ ಬಳಸಿದ ಎರಡು ಕಾರ್ಡುಗಳನ್ನು ಮುಂದಿಟ್ಟ. ಒಂದು 2019ರಲ್ಲಿ ಬಂದ ಜಿಟಿಎಕ್ಸ್ 1650. ಅದರ ಬೇಡಿಕೆ 75 ವ್ಯಾಟ್. ಮತ್ತೊಂದು 2021ರ ಆರ್‌ಟಿಎಕ್ಸ್ 3060. ಅದರ ಬೇಡಿಕೆ 170 ವ್ಯಾಟ್. ಎರಡನೆಯದು ಹಲವು ಪಟ್ಟು ವೇಗವಾದುದು. ಹುಡುಗಿಯ ಕಣ್ಣು ಅದರ ಮೇಲೆಯೇ ನೆಟ್ಟಿತು. ಅಕ್ಕ ಕೊಟ್ಟಿದ್ದ ಹಣವೆಲ್ಲವೂ ಅದಕ್ಕೆ ಸರಿಹೋಗುತ್ತಿತ್ತು.

“ಮಾವ, ನಮ್ಮ ಎಸ್.ಎಂ.ಪಿ.ಎಸ್. 300 ವ್ಯಾಟಿನದು. ಪ್ರೊಸೆಸರಿಗೆ 65, ಮದರ್‌ಬೋರ್ಡ್ ಮುಂತಾದವಕ್ಕೆ 45, ಕಾರ್ಡಿಗೆ 170. ಒಟ್ಟು 280. ಇನ್ನೂ 20 ಉಳಿಯುತ್ತದೆ ನೋಡಿ” ಎಂದಳು.

ಕೂಡುವ ಲೆಕ್ಕ ಸರಿಯಾಗಿತ್ತು. ಆದರೆ ಪೆಟ್ಟಿಗೆಯ ಮೈಮೇಲೆ ಅಂಟಿಸಿದ ಚೀಟಿಯಲ್ಲಿ ಮತ್ತೊಂದು ಸಾಲಿರುತ್ತದೆ. ಅದರ ಚಿತ್ರವನ್ನು ಅವಳೇ ಮೊಬೈಲಿನಲ್ಲಿ ತೆಗೆದು ತಂದಿದ್ದಳು. ‘12 ವೋಲ್ಟ್, 18 ಆಂಪಿಯರ್’ ಎಂದು ಅಲ್ಲಿ ಬರೆದಿತ್ತು. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್ ದೊರೆಯುತ್ತದೆ ಎಂಬುದು ಶಾಲೆಯ ಪಾಠ. “ಗುಣಿಸಿ ನೋಡು ಮಗೂ” ಎಂದೆ. ಬಂದದ್ದು 216. ಪೆಟ್ಟಿಗೆಯ 300 ವ್ಯಾಟ್ ಎಲ್ಲ ಸಾಲುಗಳೂ ಸೇರಿದ ಮೊತ್ತ. ಪ್ರೊಸೆಸರೂ ಕಾರ್ಡೂ ಉಣ್ಣುವುದು ಮುಖ್ಯವಾಗಿ 12 ವೋಲ್ಟಿನ ಸಾಲಿನಿಂದ. 170ಕ್ಕೆ 65 ಸೇರಿದರೆ 235. ಬಡಿಸುವ ಪಾತ್ರೆಯಲ್ಲಿ ಇರುವುದಕ್ಕಿಂತ ಬೇಡಿಕೆಯೇ ಹೆಚ್ಚು! ಸಾಲದುದಕ್ಕೆ, ಇಂಥ ಕಾರ್ಡುಗಳು ಕ್ಷಣಮಾತ್ರ ತಮ್ಮ ಮಿತಿಯನ್ನೂ ಮೀರಿ ವಿದ್ಯುತ್ತನ್ನು ಸೆಳೆಯುವುದುಂಟು. ತಯಾರಕರು ಆರ್‌ಟಿಎಕ್ಸ್ 3060ಕ್ಕೆ 550 ವ್ಯಾಟಿನ, ಜಿಟಿಎಕ್ಸ್ 1650ಕ್ಕೆ 300 ವ್ಯಾಟಿನ ಪೂರೈಕೆ ಇರಲೆಂದು ಹೇಳುವುದು ಇದಕ್ಕಾಗಿಯೇ.

ಇನ್ನೊಂದು ತೊಡಕೂ ಇತ್ತು. ಕಾರ್ಡನ್ನು ಕೂರಿಸುವ ಸೀಳುಗಂಡಿಯ ಮೂಲಕ ಹೆಚ್ಚೆಂದರೆ 75 ವ್ಯಾಟ್ ಹರಿಯಬಹುದು. ದೊಡ್ಡ ಕಾರ್ಡಿಗೆ ಎಸ್.ಎಂ.ಪಿ.ಎಸ್.ನಿಂದ ಎಂಟು ಪಿನ್ನುಗಳ ಬೇರೆ ತಂತಿಯೇ ಬರಬೇಕು. ಹಳೆಯ ಪೆಟ್ಟಿಗೆಯಲ್ಲಿ ಅದಿರಲಿಲ್ಲ. “ಅದಕ್ಕೇನು ಸಾರ್, ಹಾರ್ಡ್ ಡಿಸ್ಕಿನ ತಂತಿಗೆ ಈ ಕನೆಕ್ಟರ್ ಸಿಕ್ಕಿಸಿದರೆ ಆಯಿತು” ಎಂದ ಅಂಗಡಿಯಾತ. ಹಾರ್ಡ್ ಡಿಸ್ಕಿನ ಸಾಟಾ ತಂತಿಯ ಜೋಡಣೆ 12 ವೋಲ್ಟಿನಲ್ಲಿ ತಾಳುವುದು 54 ವ್ಯಾಟ್. ಎಂಟು ಪಿನ್ನಿನ ಜೋಡಣೆ 150 ವ್ಯಾಟನ್ನು ಕೇಳಬಹುದು. ಅಂಥಲ್ಲಿ ತಂತಿ ಕಾಯುತ್ತದೆ, ಪ್ಲಾಸ್ಟಿಕ್ ಕರಗುತ್ತದೆ, ಕೆಲವೊಮ್ಮೆ ಬೆಂಕಿಯೂ ಹತ್ತುತ್ತದೆ. ಒಳ್ಳೆಯ ಪೆಟ್ಟಿಗೆಯಾದರೆ ಹೊರೆ ಮೀರಿದಾಗ ತಾನೇ ನಿಂತುಬಿಡುತ್ತದೆ. ಕಳಪೆಯದಾದರೆ ತನ್ನೊಂದಿಗೆ ಉಳಿದ ಅಂಗಗಳನ್ನೂ ಕೆಡಿಸಬಹುದು. ದೊಡ್ಡ ಎಸ್.ಎಂ.ಪಿ.ಎಸ್. ಕೊಳ್ಳಲು ಹಣವೂ ಇರಲಿಲ್ಲ; ಕಚೇರಿಯ ಆ ಯಂತ್ರದ ಮದರ್‌ಬೋರ್ಡಿಗೆ ಮಾರುಕಟ್ಟೆಯ ಸಾಮಾನ್ಯ ಜೋಡಣೆ ಹೊಂದುತ್ತಲೂ ಇರಲಿಲ್ಲ.

ಹುಡುಗಿ ಬಹಳ ಹೊತ್ತು ಮೌನವಾಗಿದ್ದಳು. ಕೊನೆಗೆ ಚಿಕ್ಕ ಕಾರ್ಡನ್ನೇ ಕೈಗೆತ್ತಿಕೊಂಡಳು. 75ಕ್ಕೆ 65 ಸೇರಿದರೆ 140. ಫ್ಯಾನುಗಳಿಗೂ ಹಾರ್ಡ್ ಡಿಸ್ಕಿಗೂ ಧಾರಾಳವಾಗಿ ಉಳಿಯುತ್ತಿತ್ತು. ಮಿಕ್ಕ ಹಣದಲ್ಲಿ ಯಂತ್ರಕ್ಕೆ ಬೇಕಾಗಿದ್ದ ರ‍್ಯಾಮನ್ನೂ ಕೊಂಡೆವು. ಚಿತ್ರವೊಂದಕ್ಕೆ ಅರ್ಧ ಗಂಟೆಯ ಬದಲು ಸುಮಾರು ಐದು ನಿಮಿಷ ಸಾಕಾಯಿತು. ಐದು ದಿನ, ಐದು ರಾತ್ರಿ ಆ ಹಳೆಯ ಯಂತ್ರ ಒಮ್ಮೆಯೂ ನಿಲ್ಲದೆ ದುಡಿದು 1,440 ಚಿತ್ರಗಳನ್ನೂ ಮುಗಿಸಿತು. ದೊಡ್ಡ ಕಾರ್ಡಿನ ಆಸೆ ಅವಳಲ್ಲಿ ಇಂದಿಗೂ ಆರಿಲ್ಲ, ಆರಬೇಕಾಗಿಯೂ ಇಲ್ಲ.

‘ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು’ ಎಂಬ ಗಾದೆಯನ್ನು ಕೇಳದವರಿಲ್ಲ. ಜೋಡಿ ಹೊಂದದಿದ್ದರೆ ಎರಡರ ಬಲವೂ ವ್ಯರ್ಥ. ಮಿತಿಯನ್ನು ಅರಿಯುವುದೆಂದರೆ ಆಸೆಯನ್ನು ಕೊಲ್ಲುವುದಲ್ಲ. ಇರುವ ಬಲ ಪೂರ್ಣವಾಗಿ ಸಲ್ಲುವಂತೆ ಹೊರೆಯನ್ನು ಅಳೆದು ಹೊರಿಸುವುದು. ಅಳೆಯುವುದಕ್ಕೆ ಬೇಕಾದದ್ದು ಮಹಾ ವಿದ್ಯೆಯೇನೂ ಅಲ್ಲ. ಚೀಟಿಯನ್ನು ಕೊನೆಯ ಸಾಲಿನವರೆಗೆ ಓದುವ ತಾಳ್ಮೆ, ಶಾಲೆಯಲ್ಲಿ ಕಲಿತ ಒಂದು ಗುಣಾಕಾರ, ಇಷ್ಟಿದ್ದರೆ ಸಾಕು.