ನಂಜನಗೂಡಿನ ಮೇಲೆ, ಒಬ್ಬರೇ

ಪಕ್ಕದ ಸೀಟು ಖಾಲಿ. ಬೋಧಕರಿಲ್ಲದೆ ಹಾರಲು ಅನುಮತಿ ಸಿಕ್ಕಿದೆ. ಈ ಹಳೆಯ ಸೆಸ್ನಾ 172 ಸದ್ಯಕ್ಕೆ ಪೂರ್ತಿ ನಿಮ್ಮದೇ. ಜುಲೈ ತಿಂಗಳ ಬೆಳಗು. ಕೆಳಗೆ ಕಪಿಲೆ ಕೆಂಪಗೆ ತುಂಬಿ ಹರಿಯುತ್ತಿದ್ದಾಳೆ, ದಡದಲ್ಲಿ ನಂಜುಂಡೇಶ್ವರನ ಗೋಪುರ. ತಲೆಯ ಮೇಲೆಯೇ ಮೋಡದ ತಳ. ಕಿಟಕಿಯ ಸಂದಿನಿಂದ ಒದ್ದೆ ಗಾಳಿ, ಅದರ ಜೊತೆ ಪೆಟ್ರೋಲಿನ ತೆಳು ವಾಸನೆ.

ಮೊದಲು ಗೊತ್ತಾಗುವುದು ಕಿವಿಗಲ್ಲ, ಸೊಂಟಕ್ಕೆ. ಸೀಟಿನಡಿಯಿಂದ ಬರುತ್ತಿದ್ದ ಸಣ್ಣ ನಡುಕದ ಲಯ ಎಲ್ಲೋ ಸಡಿಲವಾಗಿದೆ. 2,300ರಲ್ಲಿದ್ದ ಆರ್‌ಪಿಎಂ ಮುಳ್ಳು 2,200ಕ್ಕೆ ಇಳಿದಿದೆ. ಥ್ರಾಟಲ್ ಜಾರಿರಬೇಕು ಎಂದುಕೊಂಡು ತುಸು ಮುಂದಕ್ಕೆ ತಳ್ಳುತ್ತೀರಿ. ಸರಿಹೋಯಿತು. ಸ್ವಲ್ಪ ಹೊತ್ತಿಗೆ ಮತ್ತೆ 2,200. ಮತ್ತೆ ತಳ್ಳುತ್ತೀರಿ. ಈಗ 2,100.

ಆಗ ಎಂಜಿನ್ ಕೆಮ್ಮುತ್ತದೆ.

ವಿಮಾನದ ಮೂತಿ ಅದುರುತ್ತದೆ. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟುತ್ತದೆ. ಎತ್ತರದ ಮಾಪಕ 4,500 ಅಡಿ ಎನ್ನುತ್ತಿದೆ. ಅದನ್ನು ನೋಡಿ ಸಮಾಧಾನಪಡಬೇಡಿ. ಅದು ಸಮುದ್ರಮಟ್ಟದ ಲೆಕ್ಕ. ಇಲ್ಲಿ ನೆಲವೇ 2,000 ಅಡಿಗೂ ಮೇಲಿದೆ. ಎಂಜಿನ್ ಪೂರ್ತಿ ನಿಂತರೆ ನಿಮ್ಮ ಬಳಿ ಇರುವುದು ಮೂರು ನಿಮಿಷ, ತೇಲಬಹುದಾದ ದೂರ ಹೆಚ್ಚೆಂದರೆ ಆರು ಕಿಲೋಮೀಟರ್. ಮಂಡಕಳ್ಳಿಯ ರನ್‌ವೇ ಅದಕ್ಕಿಂತ ದೂರ.

ಕೈ ತಾನಾಗಿಯೇ ಥ್ರಾಟಲಿನ ಎಡಕ್ಕಿರುವ ನಾಬ್‌ಗೆ ಹೋಗುತ್ತದೆ. ಕಾರ್ಬುರೇಟರ್ ಹೀಟ್. ಅರ್ಧವಲ್ಲ, ಪೂರ್ತಿ ಎಳೆಯಿರಿ.

ಹೊರಗೆ 20 ಡಿಗ್ರಿ. ಸ್ವೆಟರ್ ಕೂಡ ಬೇಡದ ಹವೆ. ಹಾಗಾದರೆ ಎಂಜಿನ್ ಕೆಮ್ಮಿಸಿದ ಮಂಜುಗಡ್ಡೆ ಎಲ್ಲಿಂದ ಬಂತು? ಮಣ್ಣಿನ ಹೂಜಿಯ ನೀರು ತಣ್ಣಗಾಗುವುದು ಹೇಗೋ ಹಾಗೆ: ಕಾರ್ಬುರೇಟರಿನ ಕಿರಿದಾದ ಗಂಟಲಲ್ಲಿ ಪೆಟ್ರೋಲ್ ಆವಿಯಾಗುತ್ತಾ ಶಾಖವನ್ನು ಹೀರುತ್ತದೆ, ಅಲ್ಲಿಯ ಗಾಳಿ 20 ಡಿಗ್ರಿಗೂ ಹೆಚ್ಚು ತಣಿಯಬಲ್ಲದು. ಮಳೆಗಾಲದ ತೇವವೆಲ್ಲ ಅಲ್ಲೇ ಹೆಪ್ಪುಗಟ್ಟಿ ಎಂಜಿನ್ನಿನ ಉಸಿರು ಕಟ್ಟುತ್ತದೆ. ನಾಬ್ ಎಳೆದರೆ ಸೈಲೆನ್ಸರಿನ ಸುತ್ತ ಕಾದ ಗಾಳಿ ಒಳನುಗ್ಗುತ್ತದೆ.

ನುಗ್ಗಿತು. ಎಂಜಿನ್ ಇನ್ನಷ್ಟು ಕೆಟ್ಟಿತು!

1,900. ಕೆಮ್ಮು, ಒದೆತ, ಮತ್ತೆ ಕೆಮ್ಮು. ಇಡೀ ವಿಮಾನ ಗಡಗಡ ನಡುಗುತ್ತಿದೆ. 1,800. ತಪ್ಪು ಮಾಡಿದೆ, ಒಳಗೆ ತಳ್ಳಿಬಿಡು ಎನ್ನುತ್ತಿದೆ ಮೈಯ ಒಂದೊಂದು ನರವೂ. ತಳ್ಳಬೇಡಿ. ಕರಗಿದ ನೀರನ್ನು ಎಂಜಿನ್ ನುಂಗುತ್ತಿದೆ, ಅದಕ್ಕೇ ಈ ರಂಪ. ಮದ್ದು ಕೆಲಸ ಮಾಡುತ್ತಿದೆ ಎಂಬುದಕ್ಕೆ ಇದೇ ಗುರುತು. ಈಗ ತಳ್ಳಿದರೆ, ಎಂಜಿನ್ ಸತ್ತರೆ, ಸೈಲೆನ್ಸರ್ ತಣ್ಣಗಾಗುತ್ತದೆ. ಆಮೇಲೆ ಕರಗಿಸಲು ಶಾಖವೇ ಇರುವುದಿಲ್ಲ.

ವೇಗ 65 ನಾಟ್‌ಗಿಂತ ಕೆಳಗಿಳಿಯದಿರಲಿ. ಕಣ್ಣು ನೆಲ ಹುಡುಕಲಿ. ನೀರು ನಿಂತ ಗದ್ದೆ ಬೇಡ, ಮುಂಗಾಲಿ ಹೂತು ವಿಮಾನ ಮಗುಚುತ್ತದೆ. ಕಬ್ಬೂ ಬೇಡ. ಅಗೋ, ಬಲಕ್ಕೆ ಉದ್ದನೆಯ ಬೀಳು ಭೂಮಿ. ಗಾಳಿ ಪಶ್ಚಿಮದಿಂದ ಬೀಸುತ್ತಿದೆ, ಅದಕ್ಕೆದುರಾಗಿ ಇಳಿಯಬಹುದು. ಅಂಚಿನಲ್ಲಿ ಕರೆಂಟ್ ಕಂಬಗಳಿವೆ. ತಂತಿ ಕಾಣುವುದಿಲ್ಲ, ಆದರೂ ಇದೆ ಎಂದೇ ತಿಳಿಯಿರಿ. ಟವರಿಗೆ ಹೇಳಿಬಿಡಿ. ಬೋಧಕರು ಕೇಳಿಸಿಕೊಂಡಾರೆಂಬ ನಾಚಿಕೆ ಅನೇಕ ಹುಡುಗರ ಗಂಟಲು ಕಟ್ಟಿಸಿದೆ. ನನ್ನ ಮಟ್ಟಿಗೆ ಅದು ಮಂಜುಗಡ್ಡೆಗಿಂತ ಕೆಟ್ಟದ್ದು.

1,850. ಒಂದು ಒದೆತ. 2,000. ಹಿಡಿದ ಬೆರಳುಗಳು ಮರಗಟ್ಟಿವೆ. 2,200. ಒಮ್ಮೆಲೇ ಗುಂಯ್ ಎಂಬ ಶ್ರುತಿ ಕೂಡಿಕೊಳ್ಳುತ್ತದೆ, ಸೊಂಟದ ಕೆಳಗಿನ ನಡುಕ ಸಮನಾಗುತ್ತದೆ.

ಮಂಡಕಳ್ಳಿಗೆ ತಿರುಗಿ, ಇಳಿಯಿರಿ. ಮೆಕ್ಯಾನಿಕ್ ಕವಚ ಬಿಚ್ಚುವ ಹೊತ್ತಿಗೆ ಒಳಗೆ ಏನೂ ಸಿಗುವುದಿಲ್ಲ. ಸಾಕ್ಷಿ ಕರಗಿ ಆವಿಯಾಗಿ ಹೋಗಿರುತ್ತದೆ. ಆದ್ದರಿಂದ ಹೊತ್ತು, ಎತ್ತರ, ಉಷ್ಣಾಂಶ, ಮುಳ್ಳು ಇಳಿದ ಬಗೆ, ಎಲ್ಲವನ್ನೂ ನೀವೇ ದಾಖಲೆ ಪುಸ್ತಕದಲ್ಲಿ ಬರೆಯಿರಿ. ಮಧ್ಯಾಹ್ನ ಇದೇ ವಿಮಾನದಲ್ಲಿ ಇನ್ನೊಬ್ಬ ಹುಡುಗ ಹಾರಲಿದ್ದಾನೆ.