ಅಲಾರಂ ಒದರಿದ್ರ ಬರೋರು ಯಾರು?

ಕಳ್ಳರ ಅಲಾರಂ ಅಂದರೆ ನಮ್ಮ ಬ್ರಾಂಚಿನಲ್ಲಿ ಒಂದು ಮಿನಿ ಪ್ರಾಜೆಕ್ಟ್. ಒಂದು ಪಿಐಆರ್ ಸೆನ್ಸರ್, ಒಂದು ಆರ್ಡುಯಿನೊ, ಒಂದು ಬಜರ್. ವೈವಾ ಮುಗಿದ ಮೇಲೆ ಎಲ್ಲ ಬಿಚ್ಚಿ ಡಬ್ಬಿಗೆ ವಾಪಸ್. ಆದರೆ ಈ ಬೇಸಿಗೆಯಲ್ಲಿ ಅದು ಮನೆಯ ದುಡ್ಡಿನ ಪ್ರಶ್ನೆಯಾಗಿ ಬಂತು. ನಾವು ಒಂದೇ ರೂಮಿನ ಮೂವರು. ಒಬ್ಬರ ಮನೆ ರಾಯಚೂರು ಸಿಟಿ, ಒಬ್ಬರದು ಮಾನ್ವಿ, ಇನ್ನೊಬ್ಬರದು ದೇವದುರ್ಗ. ರಾಯಚೂರಿನವರು ಮದುವೆಗೆ ಅಂತ ಎಂಟು ದಿನ ಮನೆಗೆ ಬೀಗ ಹಾಕಬೇಕಿತ್ತು. ಮಾನ್ವಿಯಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ. ದೇವದುರ್ಗದಲ್ಲಿ ಅಜ್ಜಿ ಒಬ್ಬರೇ. ಮಗ, ಸೊಸೆ ದುಡಿಯಲು ಬೆಂಗಳೂರಿಗೆ ಹೋಗಿದ್ದಾರೆ. ಮೂರೂ ಮನೆಯಿಂದ ಒಂದೇ ಮಾತು: "ಇಂಜಿನಿಯರಿಂಗ್ ಓದಕತ್ತೀರಿ, ಯಾವುದು ಛಲೋ ಅದ ನೋಡಿ ಹೇಳ್ರಿ."

ರಾಯಚೂರಿನ ಮನೆಗೆ ಆಗಲೇ ಒಂದು ಕಂಪನಿಯವರು ಬಂದು ಕಾಗದ ಬಿಟ್ಟು ಹೋಗಿದ್ದರು. ದೊಡ್ಡ ಅಕ್ಷರದಲ್ಲಿ 'ಉಪಕರಣ ಉಚಿತ'. ಸಣ್ಣ ಅಕ್ಷರದಲ್ಲಿ ತಿಂಗಳಿಗೆ 600 ರೂಪಾಯಿ ಮಾನಿಟರಿಂಗ್ ಶುಲ್ಕ, 36 ತಿಂಗಳ ಕರಾರು. ಗುಣಿಸಿ ನೋಡಿದ್ವಿ: 21,600. ಶೇ 18 ಜಿಎಸ್‌ಟಿ ಸೇರಿದರೆ 25,488. ಮಧ್ಯದಲ್ಲಿ ಬಿಟ್ಟರೆ ಉಳಿದ ತಿಂಗಳುಗಳ ದುಡ್ಡನ್ನೂ ಕಟ್ಟಬೇಕು. ಮೂರು ವರ್ಷ ಆದ ಮೇಲೆ 'ಬೇಡ' ಅಂತ ಬರೆದು ಕೊಡದಿದ್ದರೆ ಕರಾರು ತಾನೇ ಮುಂದುವರಿಯುತ್ತದೆ. ಇಷ್ಟೆಲ್ಲ ಕಟ್ಟಿದರೂ ಪ್ಯಾನೆಲ್ ಮಾತ್ರ ಕಂಪನಿಯದ್ದೇ.

ಹಾಗಾದರೆ ಆ 600 ರೂಪಾಯಿಗೆ ಸಿಗೋದು ಏನು? ಫೋನ್ ಮಾಡಿ ಕೇಳಿದ್ವಿ. ಅಲಾರಂ ಹೊಡೆದರೆ ದೂರದ ಕಂಟ್ರೋಲ್ ರೂಮಿಗೆ ಸಿಗ್ನಲ್ ಹೋಗುತ್ತದೆ, ಅಲ್ಲಿ ಕೂತವರು ಮೊದಲು ಮನೆಯವರಿಗೆ, ಆಮೇಲೆ ನಾವು ಕೊಟ್ಟ ನಂಬರ್‌ಗಳಿಗೆ ಫೋನ್ ಮಾಡುತ್ತಾರೆ. "ರಾಯಚೂರಿನಾಗ ನಿಮ್ಮವರು ಯಾರಾದ್ರೂ ಮನೀಗೆ ಬರ್ತಾರೇನ್ರಿ?" ಅಂದ್ವಿ. "ಇಲ್ರಿ, ಫೋನ್ ಮಾಡ್ತೀವ್ರಿ" ಅಂದರು. ಆ ಫೋನನ್ನು ಒಂದು ಸಿಮ್ ಹಾಕಿದ ಪ್ಯಾನೆಲ್ ತಾನೇ ಮಾಡುತ್ತದೆ! ಮಾನಿಟರಿಂಗ್ ಅನ್ನೋದೇ ಸುಳ್ಳು ಅಂತಲ್ಲ. ಬ್ಯಾಂಕಿಗೆ, ಬಂಗಾರದ ಅಂಗಡಿಗೆ, ಗಾರ್ಡ್ ಹತ್ತು ನಿಮಿಷದಲ್ಲಿ ಬರುವ ಊರಿಗೆ ಅದಕ್ಕೆ ಬೆಲೆ ಇದೆ. ಬರುವವರೇ ಇಲ್ಲದ ಕಡೆ ಫೋನಿಗೆ ಇಪ್ಪತ್ತೈದು ಸಾವಿರ ಯಾಕೆ?

ಇದನ್ನೆಲ್ಲ ದೇವದುರ್ಗದ ಅಜ್ಜಿಗೆ ವಿವರಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಅದು ಒದರಿದ್ರ ಬರೋರು ಯಾರು?" ನಮ್ಮ ಮಿನಿ ಪ್ರಾಜೆಕ್ಟಿನ ಯಾವ ಬ್ಲಾಕ್ ಡಯಾಗ್ರಾಮಿನಲ್ಲೂ ಬಜರ್ ಆದ ಮೇಲೆ ಬಾಣದ ಗುರುತು ಇರಲಿಲ್ಲ. ಅಲ್ಲಿಂದ ಉಲ್ಟಾ ಯೋಚಿಸೋಕೆ ಶುರು ಮಾಡಿದ್ವಿ: ಮೊದಲು ಬರುವವರು, ಆಮೇಲೆ ಅವರನ್ನು ಕರೆಯುವ ಸಾಮಾನು.

ಸಾಮಾನಿನ ವಿಷಯದಲ್ಲಿ ನಮ್ಮ ಊರಿಗೆ ತಕ್ಕಂತೆ ನೋಡಬೇಕಾದದ್ದು ನಾಲ್ಕು. ಮೊದಲನೆಯದು ಬಿಸಿಲು. ಪಿಐಆರ್ ಮನುಷ್ಯನನ್ನು ನೋಡುವುದಿಲ್ಲ, ಮೈಯ ಬಿಸಿಗೂ ಹಿಂದಿನ ಗೋಡೆಯ ಬಿಸಿಗೂ ಇರುವ ವ್ಯತ್ಯಾಸವನ್ನು ನೋಡುತ್ತದೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ, ಮುಚ್ಚಿದ ಮನೆಯ ಗೋಡೆಯೂ ಮೈಯಷ್ಟೇ ಬಿಸಿಯಾದಾಗ ಅದರ ಕಣ್ಣು ಮಂದವಾಗುತ್ತದೆ. ಅದಕ್ಕೇ ಬಾಗಿಲಿಗೆ ಆಯಸ್ಕಾಂತದ ಸೆನ್ಸರ್ ಇರಲೇಬೇಕು. ಅದರೊಳಗಿನ ರೀಡ್ ಸ್ವಿಚ್ 1936ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ್ದು, ಬಿಸಿಲಿಗೆ ಜಗ್ಗುವುದಿಲ್ಲ. ವೈರ್ ಎಳೆಯುವುದಾದರೆ ನಾರ್ಮಲಿ ಕ್ಲೋಸ್ಡ್ ಸರ್ಕ್ಯೂಟ್ ಇರಲಿ. ಕಳ್ಳ ವೈರ್ ಕತ್ತರಿಸಿದರೂ ಅಲಾರಂ ಹೊಡೆಯುತ್ತದೆ.

ಎರಡನೆಯದು ಕರೆಂಟ್. 1720 ಮೆಗಾವ್ಯಾಟ್ ಸಾಮರ್ಥ್ಯದ ಶಕ್ತಿನಗರದ ಸ್ಥಾವರ ನಮ್ಮ ಜಿಲ್ಲೆಯಲ್ಲೇ ಇದ್ದರೂ ಕರೆಂಟ್ ಹೋಗೋದು ಹೋಗುತ್ತದೆ. ಆಗ ವೈಫೈ ರೌಟರ್ ಆಫ್, ಅದನ್ನೇ ನಂಬಿದ ಸೆನ್ಸರ್‌ಗಳೂ ಮೂಕ. 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ ಇದ್ದು ಪ್ಯಾನೆಲ್ 100 ಮಿಲಿಆಂಪಿಯರ್ ಎಳೆದರೆ ಲೆಕ್ಕದಲ್ಲಿ 70 ಗಂಟೆ. ಹಳೆಯ ಬ್ಯಾಟರಿಗೆ ಅದರ ಅರ್ಧ ಅಂತ ಹಿಡಿದರೂ ಸಾಕು.

ಮೂರನೆಯದು ಸಿಮ್. ಅಗ್ಗದ ಜಿಎಸ್‌ಎಂ ಪ್ಯಾನೆಲ್‌ಗಳಲ್ಲಿ ಬಹಳಷ್ಟು 2ಜಿ ಮಾತ್ರ. ಜಿಯೊಗೆ 2ಜಿ ನೆಟ್‌ವರ್ಕೇ ಇಲ್ಲ, ಹಾಗಾಗಿ ಆ ಸಿಮ್ ಹಾಕಿದರೆ ಕೆಲಸ ಮಾಡಲ್ಲ. ಸ್ವಲ್ಪ ಹೆಚ್ಚು ಕೊಟ್ಟು 4ಜಿ ಪ್ಯಾನೆಲ್ ತಗೊಳ್ಳೋದು ಮೇಲು. ರೀಚಾರ್ಜ್ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಾಲ್ಕನೆಯದು ಮಾಳಿಗೆ. ಹಳೆಯ ಮನೆಗಳಲ್ಲಿ ಬೆಳಕಿಂಡಿಯಿಂದ ಇಳಿಯುವವನು ಬಾಗಿಲಿನ ಸೆನ್ಸರನ್ನು ಮುಟ್ಟುವುದೇ ಇಲ್ಲ. ಅಲ್ಲಿಗೆ ಬೇಕಾದದ್ದು ಎಲೆಕ್ಟ್ರಾನಿಕ್ಸ್ ಅಲ್ಲ, ಕಬ್ಬಿಣದ ಜಾಲರಿ.

ಕೊನೆಗೆ ಮೂರು ಮನೆಗೆ ಮೂರು ಉತ್ತರ ಬಂದವು. ರಾಯಚೂರಿಗೆ ಒಂದೇ ಸಲ ದುಡ್ಡು ಕೊಟ್ಟು 4ಜಿ ಪ್ಯಾನೆಲ್, ಎರಡು ಬಾಗಿಲಿಗೆ ಸೆನ್ಸರ್, ಹಾಲಿಗೆ ಪಿಐಆರ್. ಮೊದಲ ನಂಬರ್ ಪಕ್ಕದ ಮನೆಯವರದು, ಬೀದರಿನಲ್ಲಿರುವ ಮಾವನದಲ್ಲ. ಊರಿಗೆ ಹೋಗುವ ಮುಂಚೆ ಠಾಣೆಗೂ ಹೇಳಿ ಹೋದರು. ಪಕ್ಕದವರಿಗೆ 112 ಒತ್ತುವುದು ಗೊತ್ತು. ಮಾನ್ವಿಗೆ ಶಟರ್ ಸೆನ್ಸರ್, ಮತ್ತೆ ಮೇಲಿನ ಮನೆಯಲ್ಲಿ ಗಂಟೆ. ಅಂಗಡಿಗೆ ಎಲ್ಲರಿಗಿಂತ ಹತ್ತಿರ ಮಲಗುವವರು ಮನೆಯವರೇ ಅಲ್ಲವಾ?

ಅಜ್ಜಿಗೆ ಇದ್ಯಾವುದೂ ಬೇಡವಾಯಿತು. ರಾತ್ರಿ ಎದ್ದು ಓಡಾಡುವವರ ಮನೆಯಲ್ಲಿ ಪಿಐಆರ್ ಇಟ್ಟರೆ ಕಳ್ಳನಿಗಿಂತ ಹೆಚ್ಚು ಸಲ ಸಿಕ್ಕಿಬೀಳೋದು ಅವರೇ. ಒಂದು ವೈರ್‌ಲೆಸ್ ಕಾಲಿಂಗ್ ಬೆಲ್ ತಂದು ಉಲ್ಟಾ ಹಚ್ಚಿದ್ವಿ: ಬಟನ್ ಅಜ್ಜಿಯ ಹಾಸಿಗೆ ಪಕ್ಕ, ಗಂಟೆ ಎದುರಿನ ಮನೆಯಲ್ಲಿ. ಬೆಳಕಿಂಡಿಗೆ ಜಾಲರಿ.

ಕರಾರಿಗೆ ಸಹಿ ಹಾಕಲೇಬೇಕು ಅನ್ನುವವರು ಮುಂಚೆ ಇಷ್ಟು ಕೇಳಿ: ಒಟ್ಟು ಎಷ್ಟು, ಬಿಟ್ಟರೆ ಎಷ್ಟು, ತಾನೇ ಮುಂದುವರಿಯುತ್ತದಾ, ಉಪಕರಣ ಯಾರದು, ಮನೆಗೆ ಯಾರು ಬರುತ್ತಾರೆ. ಉತ್ತರ ಬಾಯಲ್ಲಿ ಬೇಡ, ಬರವಣಿಗೆಯಲ್ಲಿ ಬೇಕು. ಆದ ನಷ್ಟಕ್ಕೆ ಮೀರಿ ದಂಡ ಹಾಕುವ ಕರಾರನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 'ಅನ್ಯಾಯದ ಕರಾರು' ಅಂತ ಕರೆಯುತ್ತದೆ. ಆದರೆ ಆ ದೂರು ರಾಯಚೂರಿನ ಜಿಲ್ಲಾ ಆಯೋಗದಲ್ಲಿ ನಡೆಯಲ್ಲ, ರಾಜ್ಯ ಆಯೋಗಕ್ಕೆ ಹೋಗಬೇಕು. ಅಷ್ಟು ಓಡಾಡುವ ಬದಲು ಸಹಿಗೆ ಮುಂಚೆಯೇ ಗ್ರಾಹಕ ಸಹಾಯವಾಣಿ 1915ಕ್ಕೆ ಒಂದು ಫೋನ್ ಮಾಡೋದು ಸುಲಭ.

ಈಗ ಪ್ರತಿ ಭಾನುವಾರ ಅಜ್ಜಿ ಬಟನ್ ಒತ್ತಿ ಪರೀಕ್ಷೆ ಮಾಡುತ್ತಾರೆ. ಎದುರಿನ ಮನೆಯ ಅಕ್ಕ ಬಂದು ಚಹಾ ಕುಡಿದು ಹೋಗುತ್ತಾರೆ. ಆದರೆ ಸುಗ್ಗಿ ಮುಗಿದ ಮೇಲೆ ಅವರ ಮನೆಯವರೂ ಗುಳೆ ಹೋಗುತ್ತಾರೆ, ಆ ಓಣಿಯಲ್ಲಿ ಬೀಗ ಬೀಳುವ ಮನೆ ಅದೊಂದೇ ಅಲ್ಲ. ಗಂಟೆಯನ್ನು ಆಗ ಯಾರ ಮನೆಯಲ್ಲಿ ಹಚ್ಚಬೇಕು ಅಂತ ಅಜ್ಜಿ ಈಗಲೇ ಎರಡು ಮನೆ ನೋಡಿಟ್ಟಿದ್ದಾರೆ. ಬಟನ್ ಸಿಗ್ನಲ್ ಅಲ್ಲೀತನಕ ಮುಟ್ಟುತ್ತದಾ ಅಂತ ನೋಡೋದು ದಸರಾ ರಜೆಗೆ ನಮಗೆ ಕೊಟ್ಟ ಕೆಲಸ.