ಸಕುಟುಂಬ ಪರಿವಾರ ಸಮೇತ

ಶುಕ್ರವಾರ ಬೆಳಿಗ್ಗೆ ತಗಡಿನ ಮೈಕು ಕಟ್ಟಿಕೊಂಡ ರಿಕ್ಷಾ ಒಂದು ಅಂಕೋಲೆ ಪೇಟೆಯಿಂದ ನಮ್ಮೂರಿಗೆ ಬರುತ್ತಿತ್ತು. ಹಿಂದೆ ಕೂತವನ ಒಂದು ಕೈಯಲ್ಲಿ ಮೈಕು, ಇನ್ನೊಂದರಲ್ಲಿ ಗುಲಾಬಿ, ಹಳದಿ ಹ್ಯಾಂಡ್‌ಬಿಲ್ಲುಗಳ ಕಟ್ಟು. ಕೋಳಿಗೆ ಅಕ್ಕಿ ಎರಚಿದಂತೆ ಅವನು ಎರಚುತ್ತಿದ್ದ, ನಾವು ಕೋಳಿಗಳ ಹಾಗೇ ಓಡುತ್ತಿದ್ದೆವು. ಚಿತ್ರ ಯಾವುದೇ ಇರಲಿ, ಕೊನೆಯ ಮಾತು ಒಂದೇ: "ಸಕುಟುಂಬ ಪರಿವಾರ ಸಮೇತರಾಗಿ ಬಂದು ನೋಡಿ ಆನಂದಿಸಿ." ಭಕ್ತಿಯ ಚಿತ್ರಕ್ಕೂ ಅದೇ, ನಾಗಿಣಿಯ ಸೇಡಿಗೂ ಅದೇ. ಒಮ್ಮೆ ಹ್ಯಾಂಡ್‌ಬಿಲ್ಲಿನ ಮೂಲೆಯಲ್ಲಿ ವೃತ್ತದೊಳಗೆ ದೊಡ್ಡದಾಗಿ 'ಎ' ಎಂದು ಅಚ್ಚಾಗಿದ್ದ ಚಿತ್ರಕ್ಕೂ ಅವನು ಪರಿವಾರವನ್ನು ಕರೆದ. ಜಗಲಿಯಲ್ಲಿ ಕೂತಿದ್ದ ದೊಡ್ಡಪ್ಪ ಎದ್ದು ನಿಂತು, "ಯಾರ ಪರಿವಾರವಾ ಮಾರಾಯಾ, ನಿಂದಾ?" ಎಂದು ಕೂಗಿದ. ರಿಕ್ಷಾ ಆ ದಿನ ತುಸು ಬೇಗನೆ ಮುಂದೆ ಹೋಯಿತು.

ನಮ್ಮ ಮನೆಯ ಸೆನ್ಸಾರ್ ಮಂಡಳಿ ಎಂದರೆ ಈ ದೊಡ್ಡಪ್ಪನೇ. ನಿವೃತ್ತ ಕನ್ನಡ ಮಾಸ್ತರು. ಹೊಸ ಚಿತ್ರ ಬಂದ ದಿನ ಒಬ್ಬನೇ ಫಸ್ಟ್ ಶೋಗೆ ಹೋಗುತ್ತಿದ್ದ. "ಸಿನಿಮಾ ನೋಡಲಿಕ್ಕೆ ಹೋಗುವುದಲ್ಲ, ನೋಡಿ ಬರಲಿಕ್ಕೆ ಹೋಗುವುದು" ಎಂಬುದು ಅವನ ವ್ಯಾಕರಣ. ಮರುದಿನ ಬೆಳಿಗ್ಗೆ ಕವಳ ಹಾಕಿಕೊಂಡ ಮೇಲೆ ತೀರ್ಪು. ಬಾಯಿ ತುಂಬ ಕವಳವಿದ್ದರೆ 'ಹೋಗ್ಬೌದು' ಎಂದರೂ 'ಹೋಗ್ಬಾರ್ದು' ಎಂದರೂ ಕೇಳುವವರಿಗೆ ಒಂದೇ. ಅವನು ಅಂಗಳಕ್ಕಿಳಿದು, ದಾಸಾಳದ ಬುಡ ನೋಡಿ ಉಗಿದು, ಬಾಯಿ ಒರೆಸಿಕೊಂಡು ಬರುವ ತನಕ ಮನೆಯ ಒಂಬತ್ತು ಮಂದಿಯ ಭಾನುವಾರ ತ್ರಿಶಂಕುವಿನಂತೆ ತೂಗುತ್ತಿತ್ತು.

ಅವನ ಕಾನೂನು ಸರಳ. ಚಿತ್ರದಲ್ಲಿ ಒಬ್ಬ ಅಮ್ಮ ಇರಬೇಕು, ಅವಳು ಇಂಟರ್‌ವಲ್ಲಿಗೆ ಮೊದಲು ಸಾಯಕೂಡದು. ಕೊನೆಯಲ್ಲಿ ಯಾರಾದರೂ ಯಾರದಾದರೂ ಕಾಲಿಗೆ ಬೀಳಬೇಕು. ಮಳೆಯ ಹಾಡು ಇರಲೇಬಾರದು. "ಮಳೆಯಲ್ಲಿ ನೆನೆದು ಹಾಡುವವರಿಗೆ ಬಟ್ಟೆ ಒಣಗಿಸಿ ಗೊತ್ತಿಲ್ಲ" ಎನ್ನುತ್ತಿದ್ದ. ಜೂನಿನಿಂದ ಸೆಪ್ಟೆಂಬರ್ ತನಕ ಒಲೆಯ ಮೇಲೆ ಹಗ್ಗ ಕಟ್ಟಿ ಅಂಗಿ ಒಣಗಿಸಿ, ಹೊಗೆಯ ವಾಸನೆ ಹೊತ್ತು ಶಾಲೆಗೆ ಹೋಗುವ ನಮಗೆ ಇದಕ್ಕೆ ಎದುರು ಹೇಳಲು ಏನೂ ಇರಲಿಲ್ಲ. (2006ರ ಕೊನೆಗೆ 'ಮುಂಗಾರು ಮಳೆ' ಬಂದಾಗ ದೊಡ್ಡಪ್ಪನಿಗೆ ಎಂಬತ್ತರ ಹತ್ತಿರ. ಇಡೀ ಚಿತ್ರವೇ ಮಳೆ! ನೋಡಿ ಬಂದು ಬಹಳ ಹೊತ್ತು ಸುಮ್ಮನೆ ಕೂತ. ಆಮೇಲೆ, "ಹಾಡು ಬರೆದವ ನಮ್ಮ ಗೋಕರ್ಣದ ಜಯಂತ ಕಾಯ್ಕಿಣಿಯಂತೆ. ಗೌರೀಶರ ಮಗ. ಆ ಮಳೆ ಅಡ್ಡಿಯಿಲ್ಲ" ಎಂದ.)

'ಹೋಗ್ಬಾರ್ದು' ಎಂದ ಚಿತ್ರಗಳನ್ನು ಅವನು ಮಾತ್ರ ಎರಡನೇ ಸಲವೂ ನೋಡಿ ಬರುತ್ತಿದ್ದುದನ್ನು ನಾವು ಗಮನಿಸಿದ್ದೆವು. ಕೇಳಿದರೆ, "ಪೂರ್ತಿ ನೋಡದೆ ಒಬ್ಬರ ಮೇಲೆ ತಪ್ಪು ಹೊರಿಸಬಾರದು" ಎನ್ನುತ್ತಿದ್ದ. ಇದರಲ್ಲಿ ನಿಜವೂ ಇತ್ತು. ನಮ್ಮೂರಿನ ಕೊನೆಯ ಟೆಂಪೋ ಪೇಟೆ ಬಿಡುತ್ತಿದ್ದುದು ರಾತ್ರಿ ಎಂಟೂವರೆಗೆ, ಫಸ್ಟ್ ಶೋ ಬಿಡುತ್ತಿದ್ದುದು ಒಂಬತ್ತಕ್ಕೆ. ಹೀಗಾಗಿ ನಮ್ಮೂರಿನವರು ಯಾರೂ ಯಾವ ಸಿನಿಮಾದ ಕೊನೆಯನ್ನೂ ನೋಡಿದವರಲ್ಲ. ಮ್ಯಾಟಿನಿಗೆ ಹೋದರೆ ಕೊನೆ ಸಿಗುತ್ತಿತ್ತು. ಆದರೆ ಮ್ಯಾಟಿನಿ ನೋಡುವವರು ಮನೆಯಲ್ಲಿ ಕೆಲಸವಿಲ್ಲದವರು ಎಂಬುದು ಅಜ್ಜಿಯ ಸಿದ್ಧಾಂತ. ನಾಯಕ ಕಟ್ಟಿಹಾಕಿಸಿಕೊಂಡಿದ್ದಾಗಲೋ ನಾಯಕಿ ತಾಳಿ ಕಟ್ಟಿಸಿಕೊಳ್ಳುವ ಹೊತ್ತಿಗೋ ನಾವು ಚಪ್ಪಲಿ ಹುಡುಕುತ್ತ ಎದ್ದು ಬರುತ್ತಿದ್ದೆವು. ಉಳಿದ ಕಥೆಯನ್ನು ಟೆಂಪೋ ಮುಗಿಸುತ್ತಿತ್ತು. ಮೀನಿನ ಖಾಲಿ ಬುಟ್ಟಿ ಮಡಿಲಲ್ಲಿಟ್ಟುಕೊಂಡ ಹೆಂಗಸೊಬ್ಬಳು "ಅಣ್ಣ ಬಂದು ಬಿಡಿಸ್ತಾನೆ ತಗೊ" ಎಂದರೆ, ಕ್ಲೀನರ್ ಬಾಗಿಲಲ್ಲಿ ಜೋತುಬಿದ್ದುಕೊಂಡೇ "ಅಣ್ಣ ಆಗ್ಲೇ ಸತ್ತನಲ್ಲ ಅಕ್ಕಾ" ಎನ್ನುತ್ತಿದ್ದ. ಇಳಿಯುವ ಹೊತ್ತಿಗೆ ಏನಾದರೊಂದು ಒಪ್ಪಂದವಾಗಿರುತ್ತಿತ್ತು.

ಇಷ್ಟೆಲ್ಲ ಕಾವಲು ಕಾದ ದೊಡ್ಡಪ್ಪನೇ ಚಳಿಗಾಲದಲ್ಲಿ ನಮ್ಮನ್ನು ಬಯಲಾಟಕ್ಕೆ ಕರೆದೊಯ್ಯುತ್ತಿದ್ದ. ಅಲ್ಲಿ ಸೆನ್ಸಾರ್ ಇಲ್ಲ. ಗದ್ದೆಯಲ್ಲಿ ಚಾಪೆ ಹಾಸಿ ಮಲಗಿದ ನಾಲ್ಕು ವರ್ಷದ ಮಕ್ಕಳನ್ನು ನಸುಕಿನಲ್ಲಿ ತಟ್ಟಿ ಎಬ್ಬಿಸುತ್ತಿದ್ದರು: "ಏಳ್ರಾ, ಏಳ್ರಾ, ಭೀಮ ರಕ್ತ ಕುಡಿಯೂದು ಬಂತು!" ದುಶ್ಶಾಸನನ ಎದೆ ಸೀಳಿ ಕರುಳು ಎಳೆಯುವುದನ್ನು ಕಣ್ಣುಜ್ಜಿಕೊಂಡು ನೋಡಿ ನಾವು ಮತ್ತೆ ಮಲಗುತ್ತಿದ್ದೆವು. ಕೀಚಕ ಸೈರಂಧ್ರಿಯ ಹಿಂದೆ ಬೀಳುವುದೂ ಆಗುತ್ತಿತ್ತು. ಅದಕ್ಕೆ ಯಾರೂ ಕಣ್ಣು ಮುಚ್ಚಿಸಲಿಲ್ಲ. ಮಳೆಯ ಹಾಡು ಕೆಡಿಸುವಷ್ಟು ಕೀಚಕ ಯಾಕೆ ಕೆಡಿಸಲಿಲ್ಲ ಎಂದು ಕೇಳುವ ಬುದ್ಧಿ ಆಗ ಇರಲಿಲ್ಲ. ಬುದ್ಧಿ ಬಂದಾಗ ದೊಡ್ಡಪ್ಪ ಇರಲಿಲ್ಲ.

ಶಾಲೆಯವರು ತೋರಿಸಿದ 'ಒಳ್ಳೆಯ' ಚಿತ್ರವೂ ಒಂದಿದೆ: 1993ರಲ್ಲಿ ಬಂದ ನಾಗಾಭರಣರ 'ಚಿನ್ನಾರಿ ಮುತ್ತ'. ಇಬ್ಬಿಬ್ಬರು ಕೈಹಿಡಿದು ಸಾಲಾಗಿ ಹೋದೆವು. ಎಚ್.ಎಸ್. ವೆಂಕಟೇಶಮೂರ್ತಿಯವರ ಹಾಡು, ಸಿ. ಅಶ್ವತ್ಥ್ ಸಂಗೀತ. ವಾರಗಟ್ಟಲೆ ಬಾವಿಕಟ್ಟೆಯಲ್ಲೂ ಅದೇ ಗುನುಗು. ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಮರುದಿನ ಒಂದೂವರೆ ಪುಟ ಪ್ರಬಂಧ ಬರೆಸಿದರು, 'ಈ ಚಿತ್ರದಿಂದ ತಿಳಿಯುವ ನೀತಿ'. ಹಿಂದಿನ ಬೆಂಚಿನ ಗೆಳೆಯ "ಅನಾಥ ಮಕ್ಕಳು ಚೆನ್ನಾಗಿ ಓಡಬೇಕು" ಎಂದು ಬರೆದು ಹೊಡೆತ ತಿಂದ. ಇಷ್ಟು ವರ್ಷಗಳಲ್ಲಿ ನಾನು ಓದಿದ ಎಷ್ಟೋ ವಿಮರ್ಶೆಗಳಿಗಿಂತ ಅದು ಪ್ರಾಮಾಣಿಕವಾಗಿತ್ತು.

ಇನ್ನು ಅಜ್ಜಿಯ ವಿಷಯ. ಅವಳ ತವರು ಕಾಳಿ ನದಿಯಾಚೆ, ಸದಾಶಿವಗಡ. ಆಗ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಅವಳ ಮೂರ್ನಾಲ್ಕು ಇಯತ್ತೆ ಮರಾಠಿಯಲ್ಲೇ ಆಗಿತ್ತು. ಅಣ್ಣನ ಜತೆ ನೋಡಿದ ಒಂದೇ ಒಂದು ಚಿತ್ರ 'ಶ್ಯಾಮಚೀ ಆಯಿ'. ಸಾನೆ ಗುರೂಜಿಯವರ ಪುಸ್ತಕವನ್ನು ಆಚಾರ್ಯ ಅತ್ರೆ 1953ರಲ್ಲಿ ತೆರೆಗೆ ತಂದದ್ದು. ಮೊಟ್ಟಮೊದಲ ರಾಷ್ಟ್ರಪತಿ ಸ್ವರ್ಣಪದಕ ಅದಕ್ಕೇ ಸಿಕ್ಕಿತು. ಹೀಗೆ ನಮ್ಮ ಅಜ್ಜಿಯ ಸಿನಿಮಾ ಜೀವನ ಶಿಖರದಿಂದಲೇ ಶುರುವಾಗಿ, ಮುಂದೆ ನಲವತ್ತು ವರ್ಷ ಅಲ್ಲೇ ನಿಂತಿತ್ತು. ಸಿನಿಮಾ ಅಂದರೆ ತಾಯಿ, ಮಗ, ಸೆರಗಿನಿಂದ ಒರೆಸಿಕೊಳ್ಳುವ ಕಣ್ಣೀರು.

1995ರಲ್ಲಿ ದೊಡ್ಡಪ್ಪ ಯಾವುದೋ ಮದುವೆಗೆಂದು ಧಾರವಾಡಕ್ಕೆ ಹೋಗಿದ್ದಾಗ ರಿಕ್ಷಾ ಬಂತು. ಹಳದಿ ಹ್ಯಾಂಡ್‌ಬಿಲ್ಲನ್ನು ಅಜ್ಜಿ ದೂರ ಹಿಡಿದು ಓದಿದಳು. ಹೆಸರು 'ಓಂ'. "ಈಶ್ವರನ ಕಥೆ ಇರಬೇಕು ತಮಾ. ಶಿವರಾಜ ಅಂತ ಕೂಡ ಬರೆದಿದ್ದಾರೆ" ಎಂದಳು. ನನಗೆ ಹದಿನಾಲ್ಕು. ಉಪೇಂದ್ರ ಯಾರು, ಆ ಹೆಸರಿನ ಹಿಂದೆ ಏನಿದೆ ಎಂದು ಪೇಟೆಯ ಹುಡುಗರಿಂದ ನನಗೆ ಚೆನ್ನಾಗಿ ಗೊತ್ತಿತ್ತು. "ಹೌದು ಅಜ್ಜೀ, ಈಶ್ವರನದೇ" ಎಂದೆ. ಆ ಪಾಪ ಇನ್ನೂ ನನ್ನ ಲೆಕ್ಕದಲ್ಲಿದೆ.

ಅಜ್ಜಿ ಚಪ್ಪಲಿ ಬಿಚ್ಚಿ ಸೀಟಿನ ಕೆಳಗಿಟ್ಟಳು. ಪರದೆಯ ಮೇಲೆ ಹೆಸರು ಬಂದಾಗ ಕೈಮುಗಿದಳು. ಸ್ವಲ್ಪ ಹೊತ್ತಿನಲ್ಲಿ ಮಚ್ಚು ಹೊರಬಂತು. ಬೆಂಗಳೂರಿನ ನಿಜವಾದ ರೌಡಿಗಳೇ ಕೆಲವರು ಆ ಚಿತ್ರದಲ್ಲಿ ಕಾಣಿಸಿಕೊಂಡಿದ್ದಾರೆ. ಅಂಥವರ ನಡುವೆ ನಮ್ಮ ಆಯಿ, ಚಿಕ್ಕಮ್ಮ, ಇಬ್ಬರು ತಂಗಿಯಂದಿರು ಸಕುಟುಂಬ ಪರಿವಾರ ಸಮೇತರಾಗಿ ಕೂತಿದ್ದರು. ಆಯಿ ನನ್ನ ತೊಡೆ ಚಿವುಟಿದ್ದು ಎರಡು ದಿನ ನೀಲಿಯಾಗಿತ್ತು. ಇಂಟರ್‌ವಲ್ಲಿನಲ್ಲಿ ಎದ್ದು ಹೋಗುವ ಮಾತು ಬಂತು. ಅಜ್ಜಿ ಅಲುಗಲಿಲ್ಲ. "ಭಟ್ಟರ ಮನೆಯ ಹುಡುಗ ಅಲ್ವನೇ ಅಂವ?" ಎಂದಳು. "ಪೂಜೆ ಮಾಡುವ ಕೈ. ಕೂತ್ಕೊಳ್ಳಿ, ಏನಾಗ್ತದೆ ನೋಡ್ವ." ಏನಾಯಿತೆಂದು ನೋಡುವ ಮೊದಲೇ ಎಂಟೂಕಾಲು ಆಯಿತು.

ಆ ರಾತ್ರಿ ಟೆಂಪೋದಲ್ಲಿ ಒಪ್ಪಂದ ಆಗಲಿಲ್ಲ. ಅರ್ಧ ಮಂದಿ ಹುಡುಗ ಸಾಯುತ್ತಾನೆ ಎಂದರು, ಇನ್ನರ್ಧ ಜೈಲು. ಅಜ್ಜಿ ಮಾತಾಡಲಿಲ್ಲ. ಧಾರವಾಡದಿಂದ ಬಂದ ದೊಡ್ಡಪ್ಪ ವಿಷಯ ಕೇಳಿ ನನ್ನನ್ನು ಅಂಗಳದಲ್ಲಿ ಒಂದು ಸುತ್ತು ಅಟ್ಟಾಡಿಸಿದ. ಆಮೇಲೆ ತಾನೇ ಮ್ಯಾಟಿನಿಗೆ ಹೋಗಿ ಪೂರ್ತಿ ನೋಡಿ ಬಂದ. ಅಜ್ಜಿ ಜಗಲಿಯ ತುದಿಯಲ್ಲಿ ಕಾಯುತ್ತಿದ್ದಳು. "ಆ ಹುಡುಗ ಮನೆಗೆ ಬಂದನನಾ?"

ದೊಡ್ಡಪ್ಪನ ಬಾಯಲ್ಲಿ ಆಗ ಕವಳ ಇರಲಿಲ್ಲ. ಆದರೂ ಸ್ವಲ್ಪ ತಡೆದ. "ಬಂದ ಅಬ್ಬೇ. ಎಲ್ಲ ಬಿಟ್ಟ. ಈಗ ಗೋಕರ್ಣದಲ್ಲಿ ಪೂಜೆ ಮಾಡಿಕೊಂಡಿದ್ದಾನೆ" ಎಂದ. ಅಜ್ಜಿ ಸಾಯುವವರೆಗೂ ಗೋಕರ್ಣಕ್ಕೆ ಹೋದವರನ್ನು ಒಮ್ಮೆ ವಿಚಾರಿಸದೆ ಬಿಡುತ್ತಿರಲಿಲ್ಲ.

ಈಗ ನಾನು ಕಾರವಾರದಲ್ಲಿದ್ದೇನೆ. ಮಗಳಿಗೆ ಹದಿನೈದು, ಮಗನಿಗೆ ಹನ್ನೊಂದು, ಆಯಿಗೆ ಎಪ್ಪತ್ತನಾಲ್ಕು. ದೊಡ್ಡಪ್ಪನ ಕುರ್ಚಿ ನನಗೆ ಬಂದಿದೆ, ಕವಳ ಬಂದಿಲ್ಲ. ಸರ್ಕಾರವೂ ನೆರವಿಗೆ ನಿಂತಿದೆ. 1952ರ ಕಾಯ್ದೆಯಲ್ಲಿ ಎಲ್ಲರಿಗೂ ಒಂದು, ದೊಡ್ಡವರಿಗೆ ಒಂದು ಎಂದು ಯು ಮತ್ತು ಎ ಇದ್ದವು. 1983ರಿಂದ ನಡುವೆ ಯುಎ ಸೇರಿತು. 2023ರ ತಿದ್ದುಪಡಿಯಲ್ಲಿ ಆ ಯುಎಯನ್ನೂ ಏಳು, ಹದಿಮೂರು, ಹದಿನಾರು ಎಂದು ಮೂರು ಹೋಳು ಮಾಡಿದ್ದಾರೆ. ನಮ್ಮ ಮನೆಗೆ ಹಚ್ಚಿ ನೋಡಿದರೆ, ಏಳರದ್ದು ಇಬ್ಬರಿಗೂ ಆದೀತು, ಹದಿಮೂರರದ್ದಕ್ಕೆ ಮಗನನ್ನು ಮಲಗಿಸಬೇಕು, ಹದಿನಾರರದ್ದಕ್ಕೆ ಮಗಳು ಇನ್ನೊಂದು ವರ್ಷ ಕಾಯಬೇಕು. ಹಾಗೆಂದು ನಾನು ಹೇಳಿದಾಗ ಮಗಳು ನಕ್ಕ ರೀತಿ ನೋಡಿದರೆ ಅವಳು ಕಾಯುತ್ತಿರುವ ಹಾಗೆ ಕಾಣಲಿಲ್ಲ.

ಕಾಯ್ದೆ ಮಾಡಿದವರು ಮರೆತ ವಯಸ್ಸು ಒಂದಿದೆ. ನಲವತ್ತನಾಲ್ಕು, ಎಡಗಡೆ ತಾಯಿ, ಬಲಗಡೆ ಮಗಳು. ತೆರೆಯ ಮೇಲೆ ಇಬ್ಬರ ಮುಖ ಹತ್ತಿರ ಬರತೊಡಗಿದರೆ ಆಯಿಗೆ ಒಲೆಯ ಮೇಲಿನ ಹಾಲು ನೆನಪಾಗುತ್ತದೆ. ಹೆಂಡತಿ ಫ್ಯಾನು ನೋಡುತ್ತಾಳೆ. ನಾನು ರಿಮೋಟಿಗೆ ಕೈಹಾಕುತ್ತೇನೆ, ಗಾಬರಿಯಲ್ಲಿ ಮುಂದೋಡಿಸುವ ಬದಲು ನಿಲ್ಲಿಸುವ ಗುಂಡಿ ಒತ್ತಿ, ಆ ಎರಡು ಮುಖಗಳು ಅಲ್ಲಿಯೇ, ಅಷ್ಟೇ ಹತ್ತಿರ, ನಿಂತುಬಿಡುತ್ತವೆ. "ಅಪ್ಪಾ, ನೀನು ಕಣ್ಣು ಮುಚ್ಕೊ. ಮುಗಿದ ಮೇಲೆ ಹೇಳ್ತೆ" ಎನ್ನುತ್ತಾಳೆ ಮಗಳು.

ಹಾಗೆಂದು ನನ್ನ ಆಯ್ಕೆಗಳೆಲ್ಲ ಬಿದ್ದುಹೋಗಿಲ್ಲ. 2018ರಲ್ಲಿ ಕಾಸರಗೋಡಿನ ಸರ್ಕಾರಿ ಶಾಲೆಯ ಚಿತ್ರಕ್ಕೆ ಎಲ್ಲರೂ ಹೋದೆವು. ಆ ರಾಮಣ್ಣ ರೈ ಕೊಡುಗೆಯ ಉದ್ದ ಹೆಸರಿನದೇ. ಮುಚ್ಚಲಿರುವ ಕನ್ನಡ ಶಾಲೆಯ ಕಥೆ ಮಕ್ಕಳಿಗೆ ಎಷ್ಟು ಹತ್ತಿತೋ ಗೊತ್ತಿಲ್ಲ. ಆಯಿ ಮಾತ್ರ ಅನಂತನಾಗ್ ಬಂದಾಗಲೆಲ್ಲ ಪಕ್ಕದ ಅಪರಿಚಿತೆಗೆ "ನಮ್ಮ ಬದಿಯವ" ಎಂದು ತಿಳಿಸುತ್ತಿದ್ದಳು. ಇರಾನಿನ 'ಚಿಲ್ಡ್ರನ್ ಆಫ್ ಹೆವನ್' ತೋರಿಸಿದಾಗ ಭಾಷೆ ಯಾರಿಗೂ ಬರುತ್ತಿರಲಿಲ್ಲ, ಯಾರಿಗೂ ಬೇಕಾಗಲೂ ಇಲ್ಲ. ಅಣ್ಣ ತಂಗಿ ಒಂದೇ ಜೊತೆ ಬೂಟಿನಲ್ಲಿ ಸರದಿಯಂತೆ ಶಾಲೆಗೆ ಹೋಗುತ್ತಾರೆ. ಓಟದ ಪಂದ್ಯದಲ್ಲಿ ಮೂರನೇ ಬಹುಮಾನ ಬೂಟು ಎಂದು ಅಣ್ಣ ಓಡುತ್ತಾನೆ. ಮಗುವೊಂದು ಮೂರನೆಯದಾಗಿ ಬರಲಿ ಎಂದು ನಮ್ಮ ಮನೆಯಲ್ಲಿ ಎಲ್ಲರೂ ದೇವರಿಗೆ ಹೇಳಿಕೊಂಡದ್ದು ಆ ರಾತ್ರಿ ಮಾತ್ರ. ಪಾಪಿ ಹುಡುಗ, ಮೊದಲನೆಯವನಾಗಿಬಿಟ್ಟ. ಎರಡು ತಿಂಗಳ ನಂತರ ಮಗನ ಗಣಿತದ ಅಂಕ ಬಂದಾಗ ಅವನು ಇದೇ ಚಿತ್ರವನ್ನು ನನಗೆ ನೆನಪಿಸಿದ, ಅದು ಬೇರೆ ಮಾತು.

ಹೋದ ಮೇ ತಿಂಗಳಲ್ಲಿ, ಕರಿ ಇಷಾಡಿನ ರಸ ಮೊಣಕೈ ತನಕ ಹರಿಸಿಕೊಂಡು ಕೂತಿದ್ದ ಒಂದು ಮಧ್ಯಾಹ್ನ, ಎನ್. ಲಕ್ಷ್ಮೀನಾರಾಯಣರ 'ಬೆಟ್ಟದ ಹೂವು' ಹಾಕಿದೆ. 1985ರದ್ದು. ಬೆಟ್ಟದಲ್ಲಿ ಹೂ ಹುಡುಕಿ ಮಾರಿ, ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಕೊಳ್ಳಲು ಕಾಸು ಕೂಡಿಡುವ ಬಡ ಹುಡುಗ ರಾಮು. ಕೊನೆಗೆ ಆ ಕಾಸಿನಲ್ಲಿ ಮನೆಯವರಿಗೆ ಕಂಬಳಿ ತರುತ್ತಾನೆ. ರಾಮು ಆದವನು ಪುನೀತ್, ಆ ವಯಸ್ಸಿಗೇ ರಾಷ್ಟ್ರಪ್ರಶಸ್ತಿ ತಂದವನು. ಮಗಳು ಅರ್ಧದಲ್ಲಿ ಫೋನು ತೆಗೆದಳು, ಮತ್ತೆ ಯಾವಾಗಲೋ ಅದನ್ನು ಮಗುಚಿಟ್ಟಳು. ಮಗ ಮೊದಲರ್ಧ ಗಂಟೆ "ಸೆಕೆಂಡ್ ಹ್ಯಾಂಡ್ ತಗೊಂಡ್ರೆ ಆಗ್ತಿತ್ತಲ್ಲ" ಎಂದು ಸಲಹೆ ಕೊಡುತ್ತಿದ್ದವನು ಆಮೇಲೆ ಸುಮ್ಮನಾದ. ಚಿತ್ರ ಮುಗಿದದ್ದೇ ಟೀವಿ ಐದು ಸೆಕೆಂಡಿನಲ್ಲಿ ಇನ್ನೊಂದು ಚಿತ್ರ ಶುರು ಮಾಡಿತು. ಅದರಲ್ಲಿ ಯಾರೋ ಕಾರಿನಿಂದ ಹಾರುತ್ತಿದ್ದರು. ಆಯಿ ಕೈತೊಳೆಯಲು ಎದ್ದಳು. ಯಾರೂ ಏನೂ ಮಾತಾಡಲಿಲ್ಲ. ಹೋಯಿತು ಎಂದುಕೊಂಡೆ.

ಮೂರು ವಾರ ಕಳೆದಿರಬೇಕು. ಮೊದಲ ಮಳೆ ಹನಿಯುತ್ತಿತ್ತು. ಟ್ಯಾಗೋರ್ ಕಡಲತೀರದ ಬದಿಯ ರಸ್ತೆಯಲ್ಲಿ ಸ್ಕೂಟರಿನ ಹಿಂದೆ ಮಗ ಕೂತಿದ್ದ. ನಮ್ಮ ಮುಂದೊಂದು ರಿಕ್ಷಾ, ಅದರ ಬೆನ್ನಿಗೆ ನಗುವ ಅಪ್ಪುವಿನ ಚಿತ್ರ. ದಂಡೆಗೆ ಹತ್ತಿಸಿಟ್ಟ ಹಳೆಯ ಯುದ್ಧನೌಕೆಯ ಹತ್ತಿರ ಬಂದಾಗ ಹಿಂದಿನಿಂದ ದನಿ ಬಂತು.

"ಅಪ್ಪಾ, ಅಂವ ಆಮೇಲೆ ಏನಾದ?"

ಎದೆ ಧಸಕ್ಕೆಂದಿತು. 2021ರ ಅಕ್ಟೋಬರಿನಲ್ಲಿ ಪುನೀತ್ ಹೋದಾಗ ಇವನಿಗೆ ಏಳು ವರ್ಷ, ಟೀವಿಯ ಮುಂದೆಯೇ ಕೂತಿದ್ದನಲ್ಲ. "ಅಪ್ಪುನಾ? ನಿನಗೆ ಗೊತ್ತುಂಟಲ್ಲ ಮಗಾ..."

"ಅಪ್ಪು ಅಲ್ಲ ಅಪ್ಪಾ. ರಾಮು."

ರಿಕ್ಷಾ ಬಲಕ್ಕೆ ತಿರುಗಿ ಹೋಯಿತು. ನಾನು ಸ್ವಲ್ಪ ತಡೆದೆ.

"ಮಾಸ್ತರ ಆದ" ಎಂದೆ. "ಕನ್ನಡ ಮಾಸ್ತರ. ಅಂಕೋಲೆ ಬದಿಗೇ."

"ಆ ಪುಸ್ತಕ?"

"ಮೊದಲ ಸಂಬಳದಲ್ಲಿ ತಗೊಂಡ."

ಅವನು ಮತ್ತೆ ಕೇಳಲಿಲ್ಲ. ಮಳೆ ಜೋರಾಯಿತು. ಮನೆಯ ಮಾಳಿಗೆಯ ಮೇಲೆ ಬೆಳಿಗ್ಗೆ ಹರವಿದ ಬಟ್ಟೆ ಹಾಗೇ ಇತ್ತು. ಸ್ಕೂಟರಿನ ಆಕ್ಸಿಲರೇಟರ್ ತಿರುವಿದೆ.